ದಂತವಿಕಾಸ ಮತ್ತು ವಯೋನಿರ್ಣಯ: ಒಂದು ಚಾರಿತ್ರಿಕ ಅವಲೋಕನ

ಕಾನೂನು ವಯಸ್ಸನ್ನು ಖಚಿತವಾದ ಒಂದು ಅಂಕಿಯಾಗಿ ಕೇಳುತ್ತದೆ; ದೇಹವಾದರೋ ಅದನ್ನು ಒಂದು ವ್ಯಾಪ್ತಿಯಾಗಿ ಮಾತ್ರ ಸೂಚಿಸಬಲ್ಲದು. ಹಲ್ಲುಗಳ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜಿಸುವ ವಿಧಾನದ ಚರಿತ್ರೆಯುದ್ದಕ್ಕೂ ಈ ಅಂತರವೇ ಪ್ರಧಾನ ಸಮಸ್ಯೆಯಾಗಿ ಉಳಿದಿದೆ.

ಇಂಗ್ಲೆಂಡಿನ 1833ರ ಕಾರ್ಖಾನೆ ಕಾಯಿದೆಯು ರೇಷ್ಮೆ ಗಿರಣಿಗಳನ್ನುಳಿದು ಇತರ ಜವಳಿ ಗಿರಣಿಗಳಲ್ಲಿ 9 ವರ್ಷ ತುಂಬದ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಿತು. ಆದರೆ ಅಲ್ಲಿ ಜನನಗಳ ಸರ್ಕಾರಿ ನೋಂದಣಿ ಆರಂಭವಾದದ್ದೇ 1837ರಲ್ಲಿ. ಹೀಗಾಗಿ ವೈದ್ಯರು ಮಗುವಿನ ಎತ್ತರ ಮತ್ತು ಮೈಕಟ್ಟನ್ನು ನೋಡಿ ಪ್ರಮಾಣಪತ್ರ ನೀಡುತ್ತಿದ್ದರು. ಕೂಲಿಯ ಅಗತ್ಯವಿದ್ದ ಬಡ ಪೋಷಕರಿಗೂ ಅಗ್ಗದ ದುಡಿಮೆಯನ್ನು ಬಯಸಿದ ಮಾಲೀಕರಿಗೂ ಮಗುವಿನ ವಯಸ್ಸನ್ನು ಹೆಚ್ಚಿಸಿ ಹೇಳುವುದರಲ್ಲಿ ಲಾಭವಿತ್ತು. ಈ ಹಿನ್ನೆಲೆಯಲ್ಲಿ ದಂತವೈದ್ಯ ಎಡ್ವಿನ್ ಸಾಂಡರ್ಸ್ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ, ಎತ್ತರಕ್ಕಿಂತ ಹಲ್ಲುಗಳೇ ವಯಸ್ಸಿಗೆ ಹೆಚ್ಚು ನಂಬಲರ್ಹ ಆಧಾರವೆಂದು 1837ರಲ್ಲಿ ಪಾರ್ಲಿಮೆಂಟಿನ ಮುಂದೆ ಪ್ರತಿಪಾದಿಸಿದನು.

ಸಾಂಡರ್ಸ್ ಗಮನಿಸಿದ್ದು ಒಸಡಿನಿಂದ ಹೊರಬಂದ ಹಲ್ಲುಗಳನ್ನು. ಹಾಲುಹಲ್ಲು ಅಕಾಲದಲ್ಲಿ ಬಿದ್ದರೆ ಅಥವಾ ದವಡೆಯಲ್ಲಿ ಜಾಗ ಸಾಲದಿದ್ದರೆ ಹಲ್ಲು ಮೂಡುವ ಕಾಲ ವ್ಯತ್ಯಾಸವಾಗುತ್ತದೆ. ದವಡೆಯೊಳಗೆ ಹಲ್ಲು ರೂಪುಗೊಳ್ಳುವ ಕ್ರಮಕ್ಕೆ ಇಂಥ ಏರುಪೇರು ಕಡಿಮೆ. ಇದನ್ನಾಧರಿಸಿ ಡೆಮಿರ್ಜಿಯನ್ ಮತ್ತು ಸಂಗಡಿಗರು 1973ರಲ್ಲಿ, ಕೆಳದವಡೆಯ ಎಡಭಾಗದ 7 ಹಲ್ಲುಗಳ ಬೆಳವಣಿಗೆಯನ್ನು ಕ್ಷಕಿರಣ ಚಿತ್ರದಲ್ಲಿ 8 ಹಂತಗಳಾಗಿ ವಿಂಗಡಿಸಿದರು. ಅವರ ಮಾನದಂಡ ಫ್ರೆಂಚ್ ಮೂಲದ ಕೆನಡಾ ಮಕ್ಕಳದು. ಅದು ಎಲ್ಲ ಜನಸಮುದಾಯಗಳಿಗೂ ಹಾಗೆಯೇ ಒಪ್ಪುವಂಥದ್ದಲ್ಲ. ಧಾರವಾಡದ ಸಂಶೋಧಕ ಅಶಿತ್ ಆಚಾರ್ಯ 2011ರಲ್ಲಿ ಭಾರತೀಯರಿಗಾಗಿ ಪ್ರತ್ಯೇಕ ಸೂತ್ರಗಳನ್ನು ರೂಪಿಸಿದ್ದು ಈ ಕಾರಣದಿಂದಲೇ.

ಭಾರತದ ನ್ಯಾಯಾಲಯಗಳಲ್ಲಿ ನಿರ್ಣಾಯಕವಾದ ಗೆರೆ 18 ವರ್ಷ. ಆ ವೇಳೆಗೆ ಉಳಿದ ಹಲ್ಲುಗಳೆಲ್ಲ ಪೂರ್ಣಗೊಂಡು, ಬುದ್ಧಿಹಲ್ಲೊಂದೇ ಬೆಳೆಯುತ್ತಿರುತ್ತದೆ. ಬೆಳವಣಿಗೆಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಅತ್ಯಧಿಕ ವ್ಯತ್ಯಾಸ ತೋರುವುದೂ ಅದೇ ಹಲ್ಲು. ಕಾನೂನಿಗೆ ಖಚಿತತೆ ಅತ್ಯಗತ್ಯವಾದ ಘಟ್ಟದಲ್ಲಿಯೇ ಸಾಕ್ಷಿ ದುರ್ಬಲವಾಗುತ್ತದೆ. ಕ್ಷಕಿರಣ ಪರೀಕ್ಷೆಯಿಂದ ನಿರ್ಣಯಿಸಿದ ವಯಸ್ಸಿನಲ್ಲಿ ಎರಡೂ ಕಡೆಗೆ 2 ವರ್ಷಗಳ ವ್ಯತ್ಯಾಸವಿರಬಹುದೆಂದು ಸರ್ವೋಚ್ಚ ನ್ಯಾಯಾಲಯ 1982ರ ಜಯಮಾಲಾ ಪ್ರಕರಣದಲ್ಲಿ ಹೇಳಿತು. 2015ರ ಬಾಲನ್ಯಾಯ ಕಾಯಿದೆಯ 94ನೇ ಕಲಮು ಶಾಲಾ ದಾಖಲೆ ಹಾಗೂ ಜನನ ಪ್ರಮಾಣಪತ್ರಗಳಿಲ್ಲದಾಗ ಮಾತ್ರ ವೈದ್ಯಕೀಯ ಪರೀಕ್ಷೆಗೆ ಅವಕಾಶ ನೀಡುತ್ತದೆ.

ದಾಖಲೆಯಿಲ್ಲದೆ ನ್ಯಾಯಾಲಯದ ಮುಂದೆ ನಿಲ್ಲುವವರು ಸಾಮಾನ್ಯವಾಗಿ ಬಡಮಕ್ಕಳೇ. ಆದ್ದರಿಂದ ತಜ್ಞನು ತನ್ನ ವರದಿಯಲ್ಲಿ ಅಂದಾಜಿನ ಜೊತೆಗೆ ಅದರ ಮಿತಿಯನ್ನೂ ನಮೂದಿಸುವುದು ಕೇವಲ ಶಾಸ್ತ್ರಶಿಸ್ತಲ್ಲ. ಅದು ಆ ಮಗುವಿಗೆ ಸಲ್ಲಬೇಕಾದ ನ್ಯಾಯದ ಭಾಗವೇ ಆಗಿದೆ.