ಹಣಿಯುವುದು ಬೇರೆ, ಮಸೆಯುವುದು ಬೇರೆ

ಎರಡು ವರ್ಷದ ಹಿಂದೆ ಬೀದರಿನ ಒಂದು ವಿಚಾರಗೋಷ್ಠಿಗೆ ‘ನಮ್ಮ ಜಿಲ್ಲೆಯ ಲೋಹಕಲೆ’ ಎಂಬ ವಿಷಯ ಕೊಟ್ಟು ನನ್ನನ್ನು ಕರೆದಿದ್ದರು. ಎರಡು ಕುರ್ಪಿ, ಒಂದು ಕುಡಗೋಲು, ಕುಂಟಿಯ ಒಂದು ಕುಡ ಇಷ್ಟನ್ನು ಚೀಲದಲ್ಲಿ ಕಟ್ಟಿಕೊಂಡು ಹೋದೆ. ಮೇಜಿನ ಮೇಲೆ ಬಿದರಿ ಹೂಜಿ, ತಟ್ಟೆ, ಹುಕ್ಕಾಬುರುಡೆಗಳನ್ನು ಜೋಡಿಸಿದ್ದರು. ನನ್ನ ಚೀಲವನ್ನು ಮೇಜಿನ ಕೆಳಗೆ ಇಡಲು ಹೇಳಿದರು. ಮಾತಿನ ನಡುವೆ ಒಬ್ಬರು, ಹೊಲದ ಅಲಗುಗಳ ಹರಿತವನ್ನು ಈಗ ಗ್ರೈಂಡರು ನೋಡಿಕೊಳ್ಳುತ್ತದೆ, ಕಂಬಾರರ ಆ ಅಧ್ಯಾಯ ಮುಗಿಯಿತು ಎಂದರು. ಸಭೆ ತಲೆಯಾಡಿಸಿತು. ಕಂಬಾರರ ಮನೆಯಲ್ಲಿ ಹುಟ್ಟಿ, ನಲವತ್ತು ವರ್ಷ ಕುಲುಮಿಯ ಮುಂದೆಯೂ ಆಮೇಲೆ ಕಲಿಸುವ ಕೆಲಸದಲ್ಲಿಯೂ ಕಳೆದವನಿಗೆ ಆ ಮಾತು ಇನ್ನೂ ನುಂಗಲಾಗಿಲ್ಲ. ಈ ಲೇಖನ ಬರೆಯಲು ಅದೇ ಕಾರಣ.

ತಪ್ಪು ಎಲ್ಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಅಲಗಿಗೆ ಎರಡು ಕೆಲಸ ಮಾಡುತ್ತಾರೆ. ಕಾಯಿಸಿ, ಸುತ್ತಿಗೆಯಿಂದ ಬಡಿದು, ಅಂಚನ್ನು ತೆಳ್ಳಗೆ ಎಳೆಯುವುದು ಹಣಿಯುವುದು. ಕಲ್ಲಿಗೋ ಅರಕ್ಕೋ ಉಜ್ಜಿ ಚೂಪು ಮಾಡುವುದು ಮಸೆಯುವುದು. ಅಡುಗೆಮನೆಯ ಚೂರಿಗೆ, ದರ್ಜಿಯ ಕತ್ತರಿಗೆ ಮಸೆದರೆ ಸಾಕು. ನೆಲದೊಳಗೆ ಓಡುವ ಕುಡಕ್ಕೆ, ಕಲ್ಲು ತಗಲುವ ಕುರ್ಪಿಗೆ ಸಾಲದು. ಮಸೆದಾಗ ಲೋಹ ಪುಡಿಯಾಗಿ ಉದುರಿ ಹೋಗುತ್ತದೆ. ಹಣಿದಾಗ ಲೋಹ ಎಲ್ಲಿಯೂ ಹೋಗದೆ ಹಿಂದಿನ ದಪ್ಪದಿಂದ ಮುಂದಿನ ಅಂಚಿಗೆ ಹರಿದು ಬರುತ್ತದೆ. ಹಣಿಸಿಕೊಂಡು ಬಂದ ಕುಡ ನಾಲ್ಕೈದು ಹಂಗಾಮು ಬಾಳುತ್ತದೆ. ಬರೀ ಮಸೆಸಿಕೊಂಡು ಬಂದದ್ದು ಬೇಗನೆ ಸವೆದು ಬೆರಳಗಲ ಪಟ್ಟಿಯಾಗುತ್ತದೆ. ಆಸ್ಟ್ರಿಯಾದ ರೈತರು ಹುಲ್ಲು ಕೊಯ್ಯುವ ಉದ್ದ ಕುಡಗೋಲನ್ನು ಹೊಲದಂಚಿನಲ್ಲೇ ಪುಟ್ಟ ಅಡಿಗಲ್ಲು ನೆಟ್ಟು, ಸುತ್ತಿಗೆಯಿಂದ ತಟ್ಟಿ ತೆಳ್ಳಗೆ ಮಾಡುತ್ತಾರೆ. ಅವರದು ತಣ್ಣನೆಯ ಬಡಿತ, ನಮ್ಮದು ಕೆಂಡದ ಬಡಿತ. ಆದರೆ ಸುತ್ತಿಗೆ ಮೊದಲು, ಕಲ್ಲು ಆಮೇಲೆ ಎಂಬ ತಿಳಿವಳಿಕೆ ಎರಡೂ ಕಡೆ ಒಂದೇ.

ಹಳೆಯ ಕಾಲದ್ದನ್ನು ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಂಗ್ಲಿಷಿನವರು ‘ವೂಟ್ಜ್’ ಎಂದು ಕರೆದದ್ದು ನಮ್ಮ ಉಕ್ಕನ್ನೇ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಆ ಉಕ್ಕಿಗೆ ಹೆಸರಾದ ಕೋನಸಮುದ್ರಂ ನಮಗೆ ದೂರದ ಊರಲ್ಲ, ನಿಜಾಮಾಬಾದ್ ಜಿಲ್ಲೆಯದು. ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೆ ಬರುತ್ತಿದ್ದುದನ್ನು ವಾಯ್ಸಿ ಎಂಬ ಇಂಗ್ಲಿಷ್ ಅಧಿಕಾರಿ ದಾಖಲಿಸಿದ್ದಾನೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಕೋಟೆ, ತೋಪು, ಕತ್ತಿಗಳ ಜೊತೆ ಲೋಹದ ಕಸುಬುದಾರರಿಗೂ ಇಲ್ಲಿ ನೆಲೆ ಸಿಕ್ಕಿತು. ಗುಲಾಮ್ ಯಜ್ದಾನಿಯವರು 1947ರಲ್ಲಿ ಬೀದರಿನ ಸ್ಮಾರಕಗಳ ಮೇಲೆ ಬರೆದ ದೊಡ್ಡ ಗ್ರಂಥ ಇಂದಿಗೂ ಬೆಲೆಯುಳ್ಳದ್ದು. ಆದರೆ ಅದು ಗೋಡೆ ಗುಮ್ಮಟಗಳ ಗ್ರಂಥ, ಕುಡಗೋಲನ್ನು ಅಲ್ಲಿ ಹುಡುಕುವುದು ನ್ಯಾಯವಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಅದು ಸಿಗಬೇಕಾದದ್ದೇ. ಸತುವು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡುವ ಆ ಕೈಗಳಿಗೆ ನಾನು ತಲೆಬಾಗುತ್ತೇನೆ. ಆದರೆ ಬಿದರಿ ಕೆಲಸಗಾರ ಗೆರೆ ಕೊರೆಯುವ ಉಳಿಗೂ ಅದೇ ಕೆಂಡ, ಅದೇ ನೀರಿನ ಹದ ಬೇಕು. ಹೂಜಿಯನ್ನು ನೋಡಿದವರು ಉಳಿಯನ್ನು ನೋಡಲಿಲ್ಲ.

ನಿಜಾಮರ ಕಾಲದಲ್ಲಿ ಕಂಬಾರನಿಗೆ ಕೂಲಿ ಎಂಬುದು ಇರಲಿಲ್ಲ, ಆಯ ಇತ್ತು. ಔರಾದ ತಾಲೂಕಿನ ಮರಾಠಿ ಊರುಗಳಲ್ಲಿ ಅದನ್ನೇ ಬಲುತೆ ಎನ್ನುತ್ತಿದ್ದರು. ವರ್ಷವಿಡೀ ಊರಿನ ಎಲ್ಲ ಕುಡ, ಕುಳ, ಕುರ್ಪಿ ಹಣಿದು ಕೊಟ್ಟವನಿಗೆ ರಾಶಿಯ ಕಣದಲ್ಲಿ ಜೋಳ. ಅದನ್ನು ಸುಖದ ಕಾಲವೆಂದು ಹೊಗಳುವವರ ಜೊತೆ ನಾನಿಲ್ಲ. ಕಣದ ಮೂಲೆಯಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದ ನನ್ನ ಅಜ್ಜ ಬರಗಾಲದ ವರ್ಷ ಬರಿ ಚೀಲ ಮಡಚಿಕೊಂಡು ಬಂದದ್ದನ್ನು ಮನೆಯಲ್ಲಿ ಎಲ್ಲರೂ ಬಲ್ಲೆವು. 1956ರಲ್ಲಿ ಹಳೆಯ ಬೀದರ ಜಿಲ್ಲೆ ಮೂರು ಪಾಲಾಗಿ ಉದಗೀರ, ನಿಲಂಗಾ ಒಂದು ಕಡೆ, ಜಹೀರಾಬಾದ್, ನಾರಾಯಣಖೇಡ ಇನ್ನೊಂದು ಕಡೆ ಹೋದವು. ಕಸುಬಿನ ಮಾತು ಮಾತ್ರ ಪಾಲಾಗಲಿಲ್ಲ. ಇಂದಿಗೂ ಭಾಲ್ಕಿಯ ಕುಲುಮಿಯಲ್ಲಿ ಅಡಿಗಲ್ಲಿಗೆ ಐರಣ, ತಿದಿಗೆ ಭಾತಾ, ಇಕ್ಕಳಕ್ಕೆ ಸಾಂಡಸಿ, ದೊಡ್ಡ ಸುತ್ತಿಗೆಗೆ ಘಣ ಎಂಬ ಮರಾಠಿ ಹೆಸರುಗಳು, ಅರಕ್ಕೆ ಉರ್ದುವಿನ ರೇತಿ. ಹಣಿ, ಮಸೆ ಎರಡೂ ಅಚ್ಚ ಕನ್ನಡ.

ಕಾರ್ಖಾನೆಯ ಉಪಕರಣ ಬಂದದ್ದು ಮೊದಲ ದೊಡ್ಡ ತಿರುವು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ಕಬ್ಬಿಣದ ನೇಗಿಲು, ಕಣಕಿ ಕತ್ತರಿಸುವ ಯಂತ್ರಗಳನ್ನು ಹಳ್ಳಿಗೆ ತಲುಪಿಸಿದರು. ಬೋಲ್ಟು ಬಿಚ್ಚಿ ಹೊಸ ಕುಳ ಹಾಕುವ ನೇಗಿಲು ಅದು. ಕುಳ ಹಣಿಸುವ ಕೆಲಸ ಅಲ್ಲಿಂದ ಕಡಿಮೆಯಾಗುತ್ತ ಬಂತು. ಆದರೆ ಕುಂಟಿ, ಎಡೆಕುಂಟಿ, ಕುರ್ಪಿ, ಕುಡಗೋಲುಗಳ ಕೆಲಸ ಇನ್ನೂ ಅರ್ಧ ಶತಮಾನಕ್ಕೂ ಮಿಕ್ಕಿ ಉಳಿಯಿತು.

ಆ ಅರ್ಧ ಶತಮಾನದ ಕೊನೆಯ ಭಾಗ ನನ್ನ ಕಣ್ಣೆದುರಿನದು. ಎಪ್ಪತ್ತರ ದಶಕದ ಕೊನೆಯಲ್ಲಿ ಭಾಲ್ಕಿ ತಾಲೂಕಿನ ನಮ್ಮ ಊರ ಕುಲುಮಿಯಲ್ಲಿ ಹದಿಮೂರು ಹದಿನಾಲ್ಕು ಸಾಮಾನುಗಳಿದ್ದವು, ಹೆಚ್ಚಿಲ್ಲ. ಐರಣದ ಜಾಗದಲ್ಲಿ ಜಾಲಿಯ ದಿಮ್ಮಿಗೆ ಹೂತ ರೈಲುಹಳಿಯ ತುಂಡು. ಮೂರು ಸುತ್ತಿಗೆ: ಘಣ, ನಡುವಿನದು, ಮತ್ತೆ ಒಂದು ಕಡೆ ಚಪ್ಪಟೆ ಮೂತಿಯ ಸಣ್ಣ ಸುತ್ತಿಗೆ. ಹಣಿಯುವ ಕೆಲಸವೆಲ್ಲ ಈ ಮೂರನೆಯದರದು. ಚಪ್ಪಟೆ ಮೂತಿಯನ್ನು ಅಲಗಿನ ಅಂಚಿಗೆ ಸಮನಾಗಿ ಇಟ್ಟು ಹೊಡೆದರೆ ಲೋಹ ಮುಂದಕ್ಕೆ ಹರಿಯುತ್ತದೆ, ಅಡ್ಡ ಇಟ್ಟು ಹೊಡೆದರೆ ಉದ್ದಕ್ಕೆ ಹೋಗಿ ಅಲಗು ಬಾಗುತ್ತದೆ. ಇಕ್ಕಳಗಳಲ್ಲಿ ಕುಡಕ್ಕೆ ಬೇರೆ, ಕುಡಗೋಲಿಗೆ ಬೇರೆ ಬಾಯಿ. ನೀರಿನ ಕಲ್ಲುಬಾನಿ, ಎರಡು ರೇತಿ, ನಡುವೆ ಸವೆದು ಕುಳಿಬಿದ್ದ ಒಂದು ಮಸೆಗಲ್ಲು. ಅರಗಿನಲ್ಲಿ ಕುರುಂದದ ಪುಡಿ ಕಲಸಿ ಕಟ್ಟಿದ ಹಳೆಯ ಸಾಣೆಯ ಚಕ್ರವೊಂದು ಅಟ್ಟದ ಮೇಲಿತ್ತು. ಅದನ್ನು ಹಗ್ಗ ಎಳೆದು ತಿರುಗಿಸುತ್ತಿದ್ದುದನ್ನು ತಂದೆ ನೋಡಿದ್ದರು, ನಾನು ನೋಡಿಲ್ಲ.

ಮಿರಗದ (ಮೃಗಶಿರಾ) ಮಳೆಗೆ ಹದಿನೈದು ದಿನ ಮೊದಲು ಕುಲುಮಿಯ ಮುಂದೆ ಸಾಲು. ಭಾಲ್ಕಿ, ಔರಾದಿನ ಎರೆ ಹೊಲದಲ್ಲಿ ಕುಂಟಿಯ ಕುಡ ನೆಲದ ಚರ್ಮದ ಕೆಳಗೆ ಎರಡು ಬೆರಳು ಇಳಿದು ಕಸದ ಬೇರು ಕೊಯ್ಯುತ್ತ ಹೋಗಬೇಕು. ಅಂಚು ಮೊಂಡಾದರೆ ಕುಡ ಕಸದ ಮೇಲೆ ಜಾರುತ್ತದೆ, ಎತ್ತುಗಳಿಗೆ ಜಗ್ಗುವ ಭಾರ ಮಾತ್ರ ಉಳಿಯುತ್ತದೆ. ಎತ್ತು ದಣಿದದ್ದನ್ನು ನೋಡಿ ಕುಡ ಹಣಿಸಲು ಬರುವ ರೈತನೇ ನಿಜವಾದ ರೈತ ಎಂದು ತಂದೆ ಹೇಳುತ್ತಿದ್ದರು.

ಈಗ ಈ ಕಸುಬಿನ ತಿರುಳು. ಕುಡವನ್ನು ಜಾಲಿಯ ಇದ್ದಿಲಲ್ಲಿ ಕಿತ್ತಳೆ ಕೆಂಪಾಗುವವರೆಗೆ ಕಾಯಿಸಿ ಹಣಿದ ಮೇಲೆ, ಅಂಚನ್ನಷ್ಟೇ ಮತ್ತೆ ಕೆಂಪಗೆ ಕಾಯಿಸಿ ನೀರಿಗೆ ತಾಗಿಸುತ್ತಾರೆ. ಸುಮಾರು 800 ಡಿಗ್ರಿಯ ಅಂಚು ಒಮ್ಮೆಲೇ ತಣ್ಣಗಾಗಿ ಗಾಜಿನಂತೆ ಬಿರುಸಾಗುತ್ತದೆ, ಹಾಗೇ ಬಿಟ್ಟರೆ ಕಲ್ಲು ತಗಲಿದಲ್ಲಿ ಚಕ್ಕೆ ಏಳುತ್ತದೆ. ಆದ್ದರಿಂದ ಅಂಚನ್ನು ತಕ್ಷಣ ಹೊರತೆಗೆದು, ಕಲ್ಲಿನಿಂದ ಒಮ್ಮೆ ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನಲ್ಲಿ ಉಳಿದ ಕಾವು ಅಂಚಿಗೆ ಇಳಿಯುವುದನ್ನು ನೋಡುತ್ತ ಕೂರಬೇಕು. ಬಣ್ಣಗಳು ಒಂದರ ಹಿಂದೆ ಒಂದು ಓಡಿ ಬರುತ್ತವೆ. ಒಣ ಕಣಕಿಯ ಹಳದಿ ಸುಮಾರು 230 ಡಿಗ್ರಿ, ಬೆಲ್ಲದ ಕಂದು 255ರ ಆಸುಪಾಸು, ಬದನೆಕಾಯಿಯ ನೇರಳೆ 275, ನವಿಲು ಕೊರಳಿನ ನೀಲಿ 295. ಡಿಗ್ರಿಯ ಲೆಕ್ಕ ನಾನು ಆಮೇಲೆ ಪುಸ್ತಕದಲ್ಲಿ ಕಲಿತದ್ದು, ಬಣ್ಣದ ಹೆಸರುಗಳು ತಂದೆಯವು. ಬೇಕಾದ ಬಣ್ಣ ಅಂಚಿಗೆ ಬಂದ ಕ್ಷಣ ಎರಡನೆಯ ಸಲ ನೀರು. ‘ಭಾಳ ನೀರ್ ಕುಡಸ್ಬ್ಯಾಡ ತಮ್ಮಾ, ಮುರೀತದ’ ಎಂದು ತಂದೆ ಬೆನ್ನ ಹಿಂದೆ ನಿಂತು ಎಚ್ಚರಿಸುತ್ತಿದ್ದರು. ಮರಾಠಿಯವರು ಇದನ್ನು ಪಾಣಿ ಪಾಜಣೆ ಎನ್ನುತ್ತಾರೆ. ಅವರಲ್ಲಿಯೂ ಅಲಗೇ ನೀರು ಕುಡಿಯುತ್ತದೆ.

ಇದಕ್ಕೆ ಕಬ್ಬಿಣವೂ ತಕ್ಕದ್ದಿರಬೇಕು. ಪೇಟೆಯ ಸಾದಾ ಪಟ್ಟಿಯಲ್ಲಿ ಇಂಗಾಲದ ಅಂಶ ಶೇ. 0.25ಕ್ಕಿಂತ ಕಡಿಮೆ, ಎಷ್ಟು ನೀರು ಕುಡಿಸಿದರೂ ಗಡಸಾಗುವುದಿಲ್ಲ. ಲಾರಿ ಓಡಾಟ ಹೆಚ್ಚಿದ ಮೇಲೆ ಅವುಗಳ ಹಳೆಯ ಸ್ಪ್ರಿಂಗ್ ಪಟ್ಟಿ, ನಮ್ಮ ಮಾತಿನಲ್ಲಿ ಕಮಾನುಪಾಟಾ, ಕೈಗೆ ಬಂತು, ಅದರಲ್ಲಿ ಶೇ. 0.5ರಿಂದ 0.6ರಷ್ಟು ಇಂಗಾಲ. ನಮ್ಮ ತಲೆಮಾರಿನ ಕಂಬಾರರು ಯಾವ ಪುಸ್ತಕವನ್ನೂ ಓದದೆ, ಕಿಡಿಯ ಚಿಮ್ಮುವಿಕೆ ಮತ್ತು ಸುತ್ತಿಗೆಯ ದನಿ ಕೇಳಿಯೇ ಒಳ್ಳೆಯ ಪಾಟಾ ಆರಿಸುತ್ತಿದ್ದರು. ನನ್ನ ಮಟ್ಟಿಗೆ ಈ ಸೀಮೆಯ ಹೊಲದ ಅಲಗುಗಳು ಅತಿ ಉತ್ತಮವಾಗಿದ್ದದ್ದು ಅಜ್ಜಂದಿರ ಕಾಲದಲ್ಲಲ್ಲ, 1975ರಿಂದ 95ರವರೆಗಿನ ಆ ಇಪ್ಪತ್ತು ವರ್ಷಗಳಲ್ಲಿ. ಹಳೆಯ ಹದ, ಹೊಸ ಉಕ್ಕು ಎರಡೂ ಒಂದೇ ಐರಣದ ಮೇಲೆ ಕೂಡಿದ್ದು ಆಗ.

ಔರಾದ ಕಡೆಯ ಕಥೆ ಸ್ವಲ್ಪ ಬೇರೆ. ಅಲ್ಲಿ ಬೇಸಿಗೆಗೆ ಬಂಡಿ ಕಟ್ಟಿಕೊಂಡು ಘಿಸಾಡಿ ಕಂಬಾರರು ಬಂದು ಊರ ಹೊರಗೆ ಇಳಿಯುತ್ತಿದ್ದರು. ‘ಘಿಸನಾ’ ಅಂದರೆ ಉಜ್ಜುವುದು, ಅದರಿಂದ ಆ ಹೆಸರು ಬಂತೆಂದು ಹೇಳುವುದುಂಟು. ನಾನು ಕಂಡ ಘಿಸಾಡಿಗಳು ಉಜ್ಜಿದ್ದಕ್ಕಿಂತ ಹಣಿದದ್ದೇ ಹೆಚ್ಚು. ನೆಲಕ್ಕೆ ಹೊಡೆದ ಗೂಟದಂಥ ಸಣ್ಣ ಐರಣ, ಪಕ್ಕದಲ್ಲಿ ಕುಳಿ, ಗಂಡ ಕೂತು ಇಕ್ಕಳ ಹಿಡಿದರೆ ಹೆಂಡತಿ ನಿಂತು ಘಣ ಎತ್ತುತ್ತಿದ್ದಳು. ಘಣದ ಒಂದೊಂದು ಏಟೂ ಗಂಡ ಸಣ್ಣ ಸುತ್ತಿಗೆಯಿಂದ ತೋರಿಸಿದ ಜಾಗಕ್ಕೇ ಬೀಳಬೇಕು. ಆ ಗುರಿ ಇದ್ದ ಗಂಡಸರು ನಮ್ಮ ಕುಲುಮಿಗಳಲ್ಲಿ ಬಹಳ ಇರಲಿಲ್ಲ. ಘಿಸಾಡಿಗಳನ್ನು ಜಾತಿಪಟ್ಟಿಯ ಗ್ರಂಥಗಳು ಅಲೆಮಾರಿಗಳೆಂದು ಬರೆದು ಮುಂದೆ ಹೋದವು. ಅವರ ಕೈಚಳಕದ ಬಗ್ಗೆ ಬರೆಯಲು ನಿಲ್ಲಲಿಲ್ಲ.

ಬೀದರ ನಗರದ ಅಂಗಡಿಗಳು ಅಷ್ಟು ಹೊತ್ತು ನಿಲ್ಲಿಸುವಂಥವಲ್ಲ. ಅಲ್ಲಿಯ ಗಿರಾಕಿ ಕಸಾಯಿಯ ಸುರಿ, ಕ್ಷೌರಿಕರ ಕತ್ತರಿ, ಸೈಕಲ್ ಸಾಣೆಯವರಿಗೆ ಬರುವ ಚಾಕು. ಅದು ಮಸೆಯುವ ಊರು, ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು.

ತೊಂಬತ್ತರ ದಶಕದ ನಂತರ ನಾಲ್ಕು ಬದಲಾವಣೆ ಒಂದರ ಮೇಲೊಂದು ಬಂದವು. ಸೋಯಾ ಹಬ್ಬಿತು, ಜೊತೆಗೆ ಕಸ ಸಾಯಿಸುವ ಎಣ್ಣೆ ಬಂದು ಎಡೆಕುಂಟಿ ಮೂಲೆ ಸೇರಿತು. ಎತ್ತು ಕಡಿಮೆಯಾದವು. ಸಂಶೋಧನಾ ಕೇಂದ್ರಗಳಿಂದ ಹಲ್ಲುಕುಡಗೋಲು ಬಂತು: ಭೋಪಾಲದ ‘ನವೀನ್’, ದಾಪೋಲಿಯ ‘ವೈಭವ’. ಹಗುರ, ಮುಂಗೈಗೆ ಶ್ರಮ ಕಡಿಮೆ, ಕೊಯ್ಯುವ ಹೆಣ್ಣುಮಕ್ಕಳಿಗೆ ಅನುಕೂಲ, ಇದನ್ನು ಒಪ್ಪಲೇಬೇಕು. ಆದರೆ ಹಲ್ಲು ಸವೆದ ಮೇಲೆ ಅದನ್ನು ಹಣಿಯಲು ಬರುವುದಿಲ್ಲ, ಎಸೆಯಬೇಕು. ಕೊನೆಗೆ ವೆಲ್ಡಿಂಗ್ ಅಂಗಡಿಗಳ ಕೈಗ್ರೈಂಡರು. ರೈತ ಕುರ್ಪಿ ಕೊಡುತ್ತಾನೆ, ಎರಡು ನಿಮಿಷಕ್ಕೆ ಕಿಡಿ ಹಾರಿಸಿ ಹಿಂದೆ ಕೊಡುತ್ತಾರೆ. ಕೈಗೆ ತಗೊಂಡು ಅಂಚು ನೋಡಿ: ನೀಲಿ ಗೆರೆ ಎದ್ದಿರುತ್ತದೆ. ನನ್ನ ತಂದೆ ಕಾದು ಕೂತು ಬೆಲ್ಲದ ಬಣ್ಣದಲ್ಲಿ ನಿಲ್ಲಿಸಿದ ಹದವನ್ನು ಆ ಚಕ್ರದ ಬಿಸಿ 300 ಡಿಗ್ರಿ ದಾಟಿಸಿ ಕಳೆದಿರುತ್ತದೆ. ಆ ಕುರ್ಪಿ ಸಂಜೆಯೊಳಗೆ ಮೊಂಡು. ಮರುದಿನ ಮತ್ತೆ ಅಂಗಡಿ. ಗ್ರೈಂಡರು ಕೆಲಸ ನೋಡಿಕೊಳ್ಳುತ್ತದೆ ಎಂದವರು ಈ ನೀಲಿ ಗೆರೆಯನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಬೇಕಿತ್ತು. ಕಬ್ಬಿನ ಕೋಯತಾದ ವಿಷಯದಲ್ಲಿ ಮಾತ್ರ ಈ ಮೋಸ ನಡೆದಿಲ್ಲ. ಹುಂಜಿ ಕಡೆಯ ಸಕ್ಕರೆ ಕಾರ್ಖಾನೆಗಳ ಹಂಗಾಮಿಗೆ ಬರುವ ಕಟಾವಿನವರು ಕೋಯತಾವನ್ನು ಇಂದಿಗೂ ಕಂಬಾರನ ಹತ್ತಿರವೇ ಹಣಿಸಿಕೊಂಡು, ನಡುನಡುವೆ ತಾವೇ ರೇತಿ ಆಡಿಸಿಕೊಳ್ಳುತ್ತಾರೆ. ಅವರಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಮೊಂಡು ಅಲಗಿನ ಬೆಲೆ ಎಷ್ಟೆಂದು ಅವರು ಚೆನ್ನಾಗಿ ಬಲ್ಲರು.

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆ ಸೇರಿದೆ. ಉಪಕರಣಕ್ಕೆ 15,000 ರೂಪಾಯಿ, ಐದರಿಂದ ಏಳು ದಿನದ ಮೊದಲ ತರಬೇತಿ, ಶೇ. 5ರ ಬಡ್ಡಿಯ ಸಾಲ. ಹಣ ಬಂದದ್ದು ಒಳ್ಳೆಯದೇ, ಅದನ್ನು ಸಣ್ಣದು ಮಾಡಲಾರೆ. ಆದರೆ ಏಳು ದಿನದಲ್ಲಿ ಬೆಲ್ಲದ ಬಣ್ಣಕ್ಕೂ ಬದನೆಕಾಯಿ ಬಣ್ಣಕ್ಕೂ ಇರುವ ಎರಡು ಉಸಿರಿನ ಅಂತರ ಕಣ್ಣಿಗೆ ಹತ್ತುವುದಿಲ್ಲ. ನನಗೆ ಮೂರು ಮಳೆಗಾಲ ಬೇಕಾಯಿತು.

ಇನ್ನು ಬರವಣಿಗೆಯ ಮಾತು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು ಊರೂರು ತಿರುಗಿ ಬೇಸಾಯದ ಮಾತುಗಳನ್ನು ಕೂಡಿಸಿ ವೃತ್ತಿಪದಕೋಶದ ಮೊದಲ ಸಂಪುಟ ತಂದದ್ದು 1962ರಲ್ಲಿ. ನೇಗಿಲಿನ ಒಂದೊಂದು ಭಾಗಕ್ಕೂ ಜಿಲ್ಲೆಜಿಲ್ಲೆಯ ಹೆಸರು ಅಲ್ಲಿದೆ. ಗಡಿಯಾಚೆಯ ಜಹೀರಾಬಾದಿನ ರೈತನ ಮಾತಿಗೆ ಸಿಕ್ಕ ಆ ಗೌರವ ಈಚೆಯ ಕುಲುಮಿಯ ಮಾತಿಗೂ ಸಲ್ಲಬೇಕು. ಕಿಟ್ಟೆಲ್ಲರ 1894ರ ನಿಘಂಟನ್ನು ಕೈಯಲ್ಲಿ ಹಿಡಿದು ಔರಾದಿಗೆ ಹೋದರೆ ಅರ್ಧ ದಿನದಲ್ಲೇ ಪುಟದಂಚಿನಲ್ಲಿ ಸೇರಿಸಲು ಮಾತುಗಳು ಸಿಗುತ್ತವೆ. ಹೆಂಗಸರನ್ನು ಕೇಳುವುದು ಅದಕ್ಕಿಂತ ತುರ್ತಿನ ಕೆಲಸ. ತಿದಿ ಒತ್ತಿದವರು, ಆಮೇಲೆ ಕೈಪಂಖಾ ತಿರುಗಿಸಿದವರು, ಇದ್ದಿಲು ಆರಿಸಿದವರು ಅವರೇ. ಬೆಂಕಿಯ ಎದುರಿಗೆ ಕೂತವರ ಕಣ್ಣು ಬಣ್ಣವನ್ನು ಐರಣದ ಎದುರು ಕೂತವರಿಗಿಂತ ಮೊದಲು ಕಾಣುತ್ತದೆ.

ಹೋದ ಮಿರಗಕ್ಕೆ ಔರಾದ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಥ ಒಬ್ಬ ಮುದುಕಿಯ ಹತ್ತಿರ ಕೂತಿದ್ದೆ. ಪಂಖಾ ತಿರುಗಿಸಿ ಬಲಗೈಯ ಭುಜ ಇಳಿದಿದೆ. ಕುರ್ಪಿಗೆ ಯಾವ ಬಣ್ಣದಲ್ಲಿ ನೀರು ಕೊಡಬೇಕು ಎಂದು ಕೇಳಿ, ನನ್ನ ತಂದೆಯ ಉತ್ತರವನ್ನು ನಾನೇ ಮುಂದಿಟ್ಟೆ: ಬೆಲ್ಲದ ಬಣ್ಣ. ಆಕೆ ತಲೆ ಅಲ್ಲಾಡಿಸಿ, ‘ಯಾವ ಹೊಲಕ್ಕ ಅಂತ ಮೊದ್ಲ ಹೇಳಪ್ಪಾ. ಎರಿ ಹೊಲಕ್ಕ ಬೆಲ್ಲದ ಬಣ್ಣ. ಬೀದರ ಕಡಿ ಮುರಮ್ ಹೊಲಕ್ಕ ಬದನಿಕಾಯಿ ಬಣ್ಣ, ಇಲ್ಲಂದ್ರ ಕಲ್ಲಿಗಿ ತಾಗಿ ಚಕ್ಕಿ ಏಳ್ತದ’ ಎಂದಳು. ಕಲ್ಲು ತಗಲುವ ನೆಲಕ್ಕೆ ಅಂಚು ಸ್ವಲ್ಪ ಮೆತ್ತಗಿರಬೇಕು. ಲೋಹಶಾಸ್ತ್ರದ ಪುಸ್ತಕವೂ ಅದನ್ನೇ ಹೇಳುತ್ತದೆ. ಎರೆಯ ಊರಿನವರಾದ ನನ್ನ ತಂದೆಗೆ ಎರಡನೆಯ ಬಣ್ಣ ಬೇಕಾಗಿರಲಿಲ್ಲ, ಆದ್ದರಿಂದ ನನಗೂ ಅದು ಗೊತ್ತಿರಲಿಲ್ಲ. ಈ ಮಳೆಗಾಲ ಮುಗಿಯುವುದರೊಳಗೆ ಆಕೆಯ ಹತ್ತಿರ ಇನ್ನೂ ಎರಡು ಸಲ ಹೋಗಬೇಕಾಗಿದೆ.