ಗರಡಿಯ ಮಣ್ಣಿನಿಂದ ಗೋಡೆಯ ಯಂತ್ರದವರೆಗೆ

ಪಾರ್ಕ್ ಸ್ಟ್ರೀಟ್ ಎಂದೊಡನೆ ನಮ್ಮ ಬಂಧುಬಳಗಕ್ಕೆ ನೆನಪಾಗುವುದು ತಿಂಡಿತೀರ್ಥ. ಊರಿನಿಂದ ಯಾರೇ ಬರಲಿ, ಕಾಳಿಘಾಟ್, ದಕ್ಷಿಣೇಶ್ವರ, ವಿಕ್ಟೋರಿಯಾ ಮೆಮೋರಿಯಲ್ ಮುಗಿಸಿ, 1927ರಿಂದ ನಡೆದುಬಂದಿರುವ ಫ್ಲೂರೀಸ್‌ನಲ್ಲಿ ಒಂದು ಕೇಕು ತಿನ್ನಿಸಿದರೆ ನಮ್ಮ ಆತಿಥ್ಯ ಸಾಂಗವಾಯಿತೆಂದೇ ಲೆಕ್ಕ. ಈ ರಸ್ತೆಗೆ ಮದರ್ ತೆರೇಸಾ ಸರಣಿ ಎಂಬ ಹೆಸರು ಬಂದಿದೆ. ಊರಿನ ಹೆಸರೂ 2001ರಲ್ಲಿ ಕೋಲ್ಕತಾ ಎಂದಾಗಿದೆ. ಆದರೆ ನಮ್ಮ ಬಾಯಿಗೆ ಅದು ಪಾರ್ಕ್ ಸ್ಟ್ರೀಟೇ, ಇದು ಕಲಕತ್ತೆಯೇ. ವಾಚಕರು ಮನ್ನಿಸಬೇಕು.

ಕಳೆದ ಚಳಿಗಾಲದ ಒಂದು ಭಾನುವಾರ, ದಾವಣಗೆರೆ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ತಂದೆಯವರನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಕೇಕಿನ ಶಾಸ್ತ್ರ ಮುಗಿಸಿ, ರಸ್ತೆಯ ಪಶ್ಚಿಮ ತುದಿಗೆ ನಡೆದು, ಚೌರಂಗಿ ದಾಟಿ, ಮೈದಾನದ ಹುಲ್ಲಿನ ಮೇಲೆ ಎಲ್ಲರೂ ಕುಳಿತೆವು. ಕಾಲೇಜಿಗೆ ಹೋಗುವ ನಮ್ಮ ಮಗ ಮೊಬೈಲನ್ನು ಅಜ್ಜನ ಮುಂದೆ ಹಿಡಿದ. ಅವನು ಕೊಳ್ಳೋಣವೆಂದು ಹಟ ಹಿಡಿದಿದ್ದ ವ್ಯಾಯಾಮದ ಯಂತ್ರದ ಚಿತ್ರ ಅದರಲ್ಲಿತ್ತು. ಗೋಡೆಗೆ ತೂಗುಹಾಕುವ ಕನ್ನಡಿಯಂಥ ಹಲಗೆ. ಎರಡು ಪಕ್ಕದಲ್ಲಿ ಎರಡು ಲೋಹದ ತೋಳು. ತೋಳಿನ ತುದಿಗೆ ಹಿಡಿಕೆ. ಕಬ್ಬಿಣದ ಗುಂಡು ಒಂದೂ ಇಲ್ಲ. ಒಳಗಿರುವ ವಿದ್ಯುತ್ ಮೋಟಾರು ಹಗ್ಗವನ್ನು ಹಿಂದಕ್ಕೆ ಜಗ್ಗುತ್ತದೆ, ನಾವು ಮುಂದಕ್ಕೆ ಜಗ್ಗಬೇಕು. ಅಮೆರಿಕದಲ್ಲಿ 2018ರಲ್ಲಿ ಮಾರಾಟಕ್ಕೆ ಬಂದ ಟೋನಲ್ ಎಂಬ ಇಂಥ ಯಂತ್ರ ಸುಮಾರು 90 ಕಿಲೋದಷ್ಟು ಭಾರವನ್ನು ಹೀಗೆ ಹುಟ್ಟಿಸಬಲ್ಲದು. ಪರದೆಯಲ್ಲಿ ಗುರು ಮೂಡಿ ಬಂದು ಎಣಿಸುತ್ತಾನೆ, ಹುರಿದುಂಬಿಸುತ್ತಾನೆ. ಬೆಲೆಯ ಮೇಲೆ ತಿಂಗಳು ತಿಂಗಳು ಚಂದಾ ಬೇರೆ.

ತಂದೆಯವರು ಎಲ್ಲವನ್ನೂ ಕೇಳಿ, "ಎಲ್ಲಾ ಸರಿ, ಇದರ ಮುಂದೆ ಸಾಮು ಮಾಡೋದನ್ನ ಬಿಟ್ರೆ ಬಯ್ಯೋರು ಯಾರಪ್ಪ?" ಎಂದು ನಕ್ಕರು. ಹೊರಡುವ ಹೊತ್ತಾಯಿತು. ಎಪ್ಪತ್ತೆಂಟರ ಅವರು ನೆಲಕ್ಕೆ ಕೈ ಊರದೆ ಎದ್ದು ನಿಂತರು. ನಲವತ್ತಾರರ ನಾವು ಮೊದಲು ಕೈ ಊರಿ, ಆಮೇಲೆ ಮಂಡಿ ಊರಿ, ಕೊನೆಗೆ ಮಗನ ಹೆಗಲು ಹಿಡಿದು ಎದ್ದೆವು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ವೈದ್ಯರು ನಮ್ಮ ರಕ್ತದ ಸಕ್ಕರೆ ಗೆರೆ ದಾಟಿದೆಯೆಂದು ಎಚ್ಚರಿಸಿದ್ದರು. ಯಾರೂ ಏನೂ ಆಡಲಿಲ್ಲ. ಆದರೆ ಮೆಟ್ರೊ ಹತ್ತುವವರೆಗೂ ನಮ್ಮ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಆ ತಲೆಮಾರು ಈ ಬಲವನ್ನು ಗಳಿಸಿದ್ದು ಹೇಗೆ, ನಾವು ಕಳೆದುಕೊಂಡಿದ್ದು ಎಲ್ಲಿ? ಆ ಪ್ರಶ್ನೆಯ ಬೆನ್ನು ಹತ್ತಿ ಓದಿದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇವೆ.

ಕಥೆ ನಮ್ಮ ಕಲ್ಯಾಣದಿಂದಲೇ ಆರಂಭವಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಆಹಾರ, ದರ್ಜೆ, ಅಭ್ಯಾಸಗಳ ವಿವರವಿದೆ. ಮರಳಿನ ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬವೇರುವುದು ಸ್ತಂಭಶ್ರಮ. ಇಂದಿನ ಕೈಗಡಿಯಾರ ನಡಿಗೆ, ಈಜು, ಭಾರ ಎಂದು ವಿಂಗಡಿಸಿ ಲೆಕ್ಕ ಕೊಡುವುದನ್ನು ನೋಡಿದಾಗ, ಅದೇ ವಿಂಗಡಣೆಯನ್ನು ಕನ್ನಡನಾಡಿನ ಅರಸನೊಬ್ಬ ಸುಮಾರು ಒಂಬೈನೂರು ವರ್ಷಗಳ ಹಿಂದೆ ಮಾಡಿದ್ದನೆಂದು ಹೆಮ್ಮೆಯಾಗುತ್ತದೆ.

ಅಲ್ಲಿಂದ ಮುಂದೆ ಈ ವಿದ್ಯೆ ಗರಡಿಯ ಕೆಮ್ಮಣ್ಣಿನಲ್ಲಿ ಉಳಿಯಿತು. ದಂಡ, ಬಸ್ಕಿ, ಗದೆ, ಮುದ್ಗರ, ಎತ್ತುವ ಗುಂಡುಕಲ್ಲು: ಇಷ್ಟೇ ಸಾಮಗ್ರಿ. ಇದರಲ್ಲಿ ಮುದ್ಗರದ ಪಯಣ ವಿಚಿತ್ರವಾದದ್ದು. 19ನೆಯ ಶತಮಾನದಲ್ಲಿ ಬ್ರಿಟಿಷರು ಅದನ್ನು ಇಲ್ಲಿ ಕಂಡು ಮೆಚ್ಚಿ, ಹಗುರ ಮಾಡಿ, 'ಇಂಡಿಯನ್ ಕ್ಲಬ್ಸ್' ಎಂದು ಹೆಸರಿಟ್ಟು ತಮ್ಮ ನಾಡಿಗೆ ಒಯ್ದರು. ಅದು 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಯಿತು. ಬಳಿಕ ನಮ್ಮ ಶಾಲೆಗಳಿಗೇ ವಿಲಾಯತಿ ಡ್ರಿಲ್ಲಿನ ವೇಷದಲ್ಲಿ ಮರಳಿತು. ನಮ್ಮ ಮನೆಯ ಪಾತ್ರೆಯನ್ನು ಕಲಾಯಿ ಮಾಡಿಸಿ ನಮಗೇ ಮಾರಿದಂತೆ!

ವ್ಯಾಯಾಮವನ್ನು ಗರಡಿಯಿಂದ ಮನೆಯ ಕೋಣೆಗೆ ತಂದವರಲ್ಲಿ ಪ್ರಶ್ಯದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಹೆಸರಾದ ಯೂಜಿನ್ ಸ್ಯಾಂಡೊ ಮುಖ್ಯನು. ರಬ್ಬರಿನ ಎಳೆಗಳ 'ಡೆವಲಪರ್', ನಡುವೆ ಸ್ಪ್ರಿಂಗ್ ಇಟ್ಟ ಡಂಬ್‌ಬೆಲ್ ಇವುಗಳಿಗೆ ತನ್ನ ಹೆಸರಿಟ್ಟು ಮಾರಿದ. ಜೊತೆಗೆ ಅಂಗಾಂಗಗಳ ಅಳತೆಯ ಪಟ್ಟಿಯನ್ನೂ ಕೊಟ್ಟ. ತೋಳು ಇಷ್ಟು ಅಂಗುಲ, ಎದೆ ಇಷ್ಟು ಅಂಗುಲ ಎಂದು ಬರೆದುಕೊಂಡು ಹಿಗ್ಗುವ ಚಟ ಅಂದಿನಿಂದ ಹಬ್ಬಿತು. 1904-05ರಲ್ಲಿ ಅವನು ಭಾರತಕ್ಕೆ ಬಂದು ಕಲಕತ್ತೆಯಲ್ಲೂ ಪ್ರದರ್ಶನ ನೀಡಿದ.

ಅವನು ಬರುವ ಮೊದಲೇ ಈ ನಗರದಲ್ಲಿ ನೆಲ ಹದವಾಗಿತ್ತು. ಬಂಗಾಳಿಗಳು ದುರ್ಬಲರೆಂದು ಮೆಕಾಲೆಯಂಥ ಆಂಗ್ಲರು ಬರೆದ ಅವಹೇಳನ ಇಲ್ಲಿಯ ಯುವಕರನ್ನು ಚುಚ್ಚುತ್ತಿತ್ತು. 1902ರಲ್ಲಿ ಹುಟ್ಟಿದ ಅನುಶೀಲನ ಸಮಿತಿ ವ್ಯಾಯಾಮವನ್ನೇ ಮೊದಲ ಪಾಠವನ್ನಾಗಿ ಮಾಡಿತು. ಇಲ್ಲಿ ನಮ್ಮವರು ತಿಳಿದಿರಬೇಕಾದ ಒಂದು ಹೆಸರು ಸರಳಾದೇವಿ ಚೌಧುರಾಣಿಯವರದು. ರವೀಂದ್ರನಾಥ ಠಾಕೂರರ ಅಕ್ಕನ ಮಗಳಾದ ಇವರು 19ನೆಯ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಯಲ್ಲಿ ಕೆಲಕಾಲ ಅಧ್ಯಾಪಕಿಯಾಗಿದ್ದರು. ಒಂಟಿ ಹೆಣ್ಣೊಬ್ಬಳು ದೂರದ ಊರಿನಲ್ಲಿ ನೌಕರಿ ಮಾಡುವುದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಕಲಕತ್ತೆಗೆ ಹಿಂದಿರುಗಿದ ಮೇಲೆ, ಪಾರ್ಕ್ ಸ್ಟ್ರೀಟಿನಿಂದ ದಕ್ಷಿಣಕ್ಕಿರುವ ಬಾಲಿಗಂಜ್‌ನ ತಮ್ಮ ತಂದೆಯ ಮನೆಯಲ್ಲೇ ಹುಡುಗರಿಗೆ ಕತ್ತಿವರಸೆ, ಲಾಠಿ, ವ್ಯಾಯಾಮ ಕಲಿಸುವ ಏರ್ಪಾಟು ಮಾಡಿದರು. ದುರ್ಗಾಪೂಜೆಯ ಅಷ್ಟಮಿಯಂದು ವೀರಾಷ್ಟಮಿಯನ್ನು ನಡೆಸಿದರು. ಮನೆಯ ವ್ಯಾಯಾಮಶಾಲೆ ಎಂದರೆ ಅಂದಿನ ಅರ್ಥ ಅದು: ಒಂದು ಮನೆ, ಹತ್ತಾರು ಹುಡುಗರು.

ಇನ್ನು ಎರಡು ಊರುಗಳ ಇಬ್ಬರು ಗುರುಗಳು. ಕಲಕತ್ತೆಯಲ್ಲಿ ಬಿಷ್ಣು ಚರಣ್ ಘೋಷ್ (1903-1970), ಪರಮಹಂಸ ಯೋಗಾನಂದರ ತಮ್ಮ, 1923ರಲ್ಲಿ ವ್ಯಾಯಾಮ ಕಾಲೇಜು ತೆರೆದರು. ಬೆಂಗಳೂರಿನಲ್ಲಿ ಕೋಲಾರದ ಕೆ.ವಿ. ಅಯ್ಯರ್ (1897-1980) ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿದರು. 1930ರಲ್ಲಿ ಘೋಷ್ ತಮ್ಮ ಸಂಗಡಿಗರೊಬ್ಬರೊಂದಿಗೆ 'ಮಸಲ್ ಕಂಟ್ರೋಲ್' ಪ್ರಕಟಿಸಿದರೆ, ಅದೇ ವರ್ಷ ಅಯ್ಯರ್ 'ಮಸಲ್ ಕಲ್ಟ್' ಪ್ರಕಟಿಸಿದರು! ಅಯ್ಯರ್ ಡಂಬ್‌ಬೆಲ್ಲಿನ ಜೊತೆಗೆ ಹಠಯೋಗವನ್ನೂ ಸೂರ್ಯನಮಸ್ಕಾರವನ್ನೂ ಬೆಸೆದರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೇ ಪುಸ್ತಕ ಬರೆದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವೂ ಅವರಿಗೆ ದೊರೆಯಿತು. ಕೈಲಾಸಂ ಅವರ ಆಪ್ತರಾಗಿ, 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ನಮ್ಮ ಹಿರಿಯರು ಅವರನ್ನು ಬಲ್ಲರು. ಆ ಕಾದಂಬರಿಕಾರರ ಮೈಕಟ್ಟು ವಿದೇಶಿ ವ್ಯಾಯಾಮ ಪತ್ರಿಕೆಗಳಲ್ಲೂ ಅಚ್ಚಾಗುತ್ತಿತ್ತೆಂಬುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ.

ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು ಅಯ್ಯರ್ ಅವರ ಅಂಚೆಯ ಪಾಠ. ಬೆಂಗಳೂರಿಗೆ ಬರಲಾಗದ ದೂರದ ಶಿಷ್ಯರಿಗೆ ಅವರು ಅಂಚೆಯ ಮೂಲಕ ವ್ಯಾಯಾಮ ಶಿಕ್ಷಣ ನೀಡುತ್ತಿದ್ದರು. ಮನೆಯ ಒಂದು ಮೂಲೆ, ಕೈಗೆ ಸಿಕ್ಕ ಭಾರ, ಒಂದು ಅಳತೆಯ ಟೇಪು, ದೂರದಲ್ಲೊಬ್ಬ ಗುರು. ಇಂದಿನ ಗೋಡೆಯ ಯಂತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಅಂಚೆಯವನ ಬದಲು ಅಂತರ್ಜಾಲ, ಟೇಪಿನ ಬದಲು ಗಡಿಯಾರ, ಅಷ್ಟೆ.

ಗಡಿಯಾರದ ಚರಿತ್ರೆಯೂ ಸ್ವಾರಸ್ಯವಾದದ್ದು. 1964ರ ಟೋಕಿಯೊ ಒಲಿಂಪಿಕ್ಸ್‌ನ ಉತ್ಸಾಹದ ಬೆನ್ನಲ್ಲೇ, 1965ರಲ್ಲಿ ಜಪಾನಿನ ಕಂಪನಿಯೊಂದು 'ಮಾನ್ಪೊಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂಬ ಸಾಧನವನ್ನು ಮಾರಾಟಕ್ಕಿಟ್ಟಿತು. ಇಂದು ಎಲ್ಲರೂ ವೇದವಾಕ್ಯದಂತೆ ಜಪಿಸುವ 10,000 ಹೆಜ್ಜೆಯ ಲೆಕ್ಕ ಆ ಮಾರಾಟದ ಹೆಸರಿನಿಂದ ಬಂದದ್ದು. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಯ ಪಟ್ಟಿಯಿಂದ ಮಣಿಕಟ್ಟಿಗೆ ತಂತಿಯಿಲ್ಲದೆ ಹೃದಯಬಡಿತ ತೋರಿಸುವ ಸಾಧನ ತಂದಿತು. 2009ರಲ್ಲಿ ಫಿಟ್‌ಬಿಟ್ ಬಂತು. ಈಗಿನ ಗಡಿಯಾರದ ತಳದಲ್ಲಿ ಮಿನುಗುವ ಹಸಿರು ಬೆಳಕನ್ನು ನೋಡಿದ್ದೀರಲ್ಲವೆ? ರಕ್ತ ಹಸಿರು ಬೆಳಕನ್ನು ಹೀರುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಉಕ್ಕಿ ಇಳಿಯುವಾಗ ಹಿಂದಿರುಗುವ ಬೆಳಕು ಏರಿಳಿಯುತ್ತದೆ, ಅದನ್ನೇ ಎಣಿಸುತ್ತಾರೆ. ಹೆಜ್ಜೆಯನ್ನು ಎಣಿಸುವುದು ಕೈಯ ಅಲುಗಾಟದಿಂದ.

ಈ ಅಲುಗಾಟದ ಲೆಕ್ಕ ನಮಗೊಂದು ಪಾಠ ಕಲಿಸಿತು. ಯಂತ್ರ ಬೇಡವೆಂದು ಮಗನನ್ನು ಸಮಾಧಾನಪಡಿಸಲು ಅಗ್ಗದ ಗಡಿಯಾರವೊಂದನ್ನು ಕೊಂಡು ಕಟ್ಟಿಕೊಂಡೆವು. ಒಂದು ದಿನ ಎರಡು ಕೈಯಲ್ಲೂ ಅಕ್ಕಿಯ ಚೀಲ ಹಿಡಿದು ನಮ್ಮ ನಾಲ್ಕನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿದೆವು. ಕೈ ಅಲುಗದ ಕಾರಣ ಗಡಿಯಾರ ಅಷ್ಟು ಶ್ರಮವನ್ನು ಗಣಿಸಲೇ ಇಲ್ಲ. ಅದೇ ಸಂಜೆ ನಮ್ಮ ಮನೆಯವರು ಅದನ್ನು ಕಟ್ಟಿಕೊಂಡು, ಕುಳಿತಲ್ಲೇ ಮಜ್ಜಿಗೆ ಕಡೆದರು; ಹೆಜ್ಜೆಗಳು ಏರುತ್ತಲೇ ಹೋದವು! ಸೋಮೇಶ್ವರನ ಭ್ರಮಣಶ್ರಮವನ್ನು ಅದು ತಕ್ಕಮಟ್ಟಿಗೆ ಬಲ್ಲದು, ಭಾರಶ್ರಮದ ಗಂಧ ಅದಕ್ಕಿಲ್ಲ.

ನಮ್ಮಂಥ ಕುರ್ಚಿಯ ಜೀವಿಗಳಿಗೆ ಕೊರತೆಯಿರುವುದು ಭಾರಶ್ರಮದ್ದೇ. ವಯಸ್ಸಾದಂತೆ ಸ್ನಾಯು ಕರಗುತ್ತದೆ; ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಉಗ್ರಾಣವೂ ಸ್ನಾಯುವೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಂತೆ, ನಡಿಗೆಯಂಥ ವ್ಯಾಯಾಮ ವಾರಕ್ಕೆ ಕನಿಷ್ಠ 150 ನಿಮಿಷ ಮಾಡುವುದಲ್ಲದೆ, ವಾರಕ್ಕೆ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ ಬೇಕು. ಅದಕ್ಕೆ ದುಬಾರಿ ಯಂತ್ರವೇ ಬೇಕೆಂದೇನಿಲ್ಲ. ಮನೋಹರ್ ಆಯ್ಚ್ ಬ್ರಿಟಿಷ್ ಅಧಿಕಾರಿಯನ್ನು ಎದುರಿಸಿ ಸೆರೆಮನೆ ಸೇರಿದರು. ಸಲಕರಣೆಯಿಲ್ಲದ ಆ ಸೆರೆಮನೆಯಲ್ಲೇ ಮೈ ಪಳಗಿಸಿದರು. ಐದಡಿಗೂ ಕುಳ್ಳಾದ ಅವರು 1952ರಲ್ಲಿ ತಮ್ಮ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. ನೂರು ವರ್ಷ ದಾಟಿ ಬದುಕಿ 2016ರಲ್ಲಿ ಈ ನಗರದಲ್ಲೇ ತೀರಿಕೊಂಡರು.

ಹಾಗೆಂದು ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಶಕ್ತಿಯಿದ್ದವರು ಕೊಳ್ಳಲಿ, ಬಿದ್ದರೆ ಕಾಲಿನ ಮೇಲೆ ಉರುಳುವ ಕಬ್ಬಿಣಕ್ಕಿಂತ ಅದು ವಾಸಿಯೇ. ಆದರೆ ಈ ಚರಿತ್ರೆಯಲ್ಲಿ ಪ್ರತಿ ಕಾಲದಲ್ಲೂ ಮೂರು ಸಂಗತಿಗಳು ಕಾಣುತ್ತವೆ: ಎತ್ತಲು ಒಂದು ಭಾರ, ಬರೆಯಲು ಒಂದು ಲೆಕ್ಕ, ಕೇಳಲು ಒಬ್ಬ ಮನುಷ್ಯ. ಮೊದಲೆರಡನ್ನು ಅಂಗಡಿಯಲ್ಲಿ ಕೊಳ್ಳಬಹುದು. ಮೂರನೆಯದು, ಊರುಬಿಟ್ಟು ಬಂದ ನಮ್ಮಂಥವರಿಗೆ, ದುರ್ಲಭ.

ನಮ್ಮ ಮಟ್ಟಿಗೆ ಒಂದು ಉಪಾಯ ಸಿಕ್ಕಿದೆ. ವೈದ್ಯರನ್ನು ಕೇಳಿಯೇ, ವಾರಕ್ಕೆ ಮೂರು ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಬಸ್ಕಿ ಹೊಡೆದು, ಗೋಡೆಗೆ ಕೈಕೊಟ್ಟು ದಂಡ ಮಾಡಿ, ಐದು ಕಿಲೋದ ಅಕ್ಕಿ ಚೀಲ ಎತ್ತಿ ಇಳಿಸುತ್ತೇವೆ. ಮಗ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತಾನೆ. ಭಾನುವಾರ ಸಂಜೆ ಊರಿನಿಂದ ತಂದೆಯವರ ಫೋನು ಬರುತ್ತದೆ. ಕ್ಷೇಮಸಮಾಚಾರಕ್ಕಿಂತ ಮೊದಲ ಪ್ರಶ್ನೆ: "ಎಷ್ಟಾತು?" ಸುಳ್ಳು ಹೇಳಲು ಬಾಯಿ ಬರುವುದಿಲ್ಲ. ಹೋದ ತಿಂಗಳು ಮತ್ತೆ ಮೈದಾನಕ್ಕೆ ಹೋಗಿದ್ದೆವು. ಏಳುವಾಗ ಒಂದು ಕೈ ಊರಿದೆವು. ಮಂಡಿ ಊರಲಿಲ್ಲ.