ಕಲ್ಯಾಣದ ಕಟ್ಟುಪಾಡುಗಳು: ಯಾರಿಗೆ ಎಷ್ಟು ಪಾಲು?

ಬಸವಕಲ್ಯಾಣ ಎಂದೊಡನೆ ಹನ್ನೆರಡನೆಯ ಶತಮಾನದ ಶರಣರು ನೆನಪಾಗುತ್ತಾರೆ. ಆದರೆ ಜನ ತಾವೇ ಕೂಡಿ ಕಟ್ಟಳೆ ಮಾಡಿಕೊಂಡು, ಅದಕ್ಕೆ ತಾವೇ ತಲೆಬಾಗಿ ಬದುಕುವ ರೀತಿ ಈ ಊರಿಗೆ ಅವರಿಗಿಂತ ಮೊದಲೇ ಗೊತ್ತಿತ್ತು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯ (1076–1126) ಕಲ್ಯಾಣದಿಂದ ಆಳುತ್ತಿದ್ದ. ಅದೇ ಕಾಲದಲ್ಲಿ ಕಲ್ಯಾಣದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ. ಆಸ್ತಿ ಹಂಚಿಕೆಯ ನಿಯಮಗಳಿಂದ ಹೆಸರಾದ ಈ ಗ್ರಂಥದಲ್ಲಿ 'ಸಂವಿದ್ವ್ಯತಿಕ್ರಮ' ಎಂಬ ಪ್ರಕರಣವೂ ಇದೆ. ಕೂಟವೊಂದು ಮಾಡಿಕೊಂಡ ಒಪ್ಪಂದವನ್ನು ಅದರ ಸದಸ್ಯನೇ ಮುರಿದರೆ ಏನು ಮಾಡಬೇಕು ಎಂಬುದು ಅದರ ವಿಷಯ. ಕೂಟದ ಹಣ ಕದ್ದವನ, ಒಪ್ಪಂದ ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ನಾಡಿನಿಂದ ಹೊರಗಟ್ಟಬೇಕು. ಒಂದೇ ಕಸುಬಿನವರ ಶ್ರೇಣಿ, ಆಯುಧ ಹಿಡಿದು ಬದುಕುವವರ ಗಣ, ಕೊನೆಗೆ ವೇದದ ಪ್ರಾಮಾಣ್ಯವನ್ನೇ ಒಪ್ಪದ ಪಾಷಂಡಿಗಳು: ಇವರೆಲ್ಲರ ಕಟ್ಟುಪಾಡನ್ನೂ ಅರಸ ಕಾಪಾಡಬೇಕು.

ಇದು ಬರಿಯ ಶಾಸ್ತ್ರವಾಗಿರಲಿಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಕೂಟದವರು ಸ್ವಂತ ಕಾವಲುಪಡೆಯೊಂದಿಗೆ ದೇಶದೇಶ ಸುತ್ತುತ್ತಿದ್ದರು. ಅವರ ಹೆಸರು ಹೊತ್ತ 1088ರ ತಮಿಳು ಶಾಸನ ಸುಮಾತ್ರಾದಲ್ಲಿ ಸಿಕ್ಕಿದೆ. ಗದಗ ಸೀಮೆಯ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಕೂಡಿ ಬೌದ್ಧ ವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಗಾಣದ ತೆಲ್ಲಿಗರು ತಮ್ಮತಮ್ಮಲ್ಲೇ ಒಪ್ಪಿ, ಗಾಣಕ್ಕೆ ಇಷ್ಟು ಎಣ್ಣೆ ಎಂದು ಗುಡಿಯ ದೀಪಕ್ಕೆ ಬಿಡುತ್ತಿದ್ದರು.

ಕಳ್ಳರಿಗೂ ಕಟ್ಟಳೆಯಿತ್ತು. ಅರಸನ ಅಪ್ಪಣೆಯಿಂದ ಶತ್ರುದೇಶಕ್ಕೆ ನುಗ್ಗಿ ಸೂರೆ ತಂದವರ ಹಂಚಿಕೆಯನ್ನು ಕಾತ್ಯಾಯನ ಸ್ಮೃತಿ ವಿಧಿಸುತ್ತದೆ: ಅರಸನ ಪಾಲು ಕಳೆದ ಮೇಲೆ ನಾಯಕನಿಗೆ ನಾಲ್ಕು, ಶೂರನಿಗೆ ಮೂರು, ಸಮರ್ಥನಿಗೆ ಎರಡು, ಉಳಿದವರಿಗೆ ಒಂದೊಂದು. ಯಾರಾದರೂ ಸೆರೆಸಿಕ್ಕರೆ ಅವನನ್ನು ಬಿಡಿಸುವ ಖರ್ಚು ಎಲ್ಲರದು.

ಎಷ್ಟೋ ಶತಮಾನಗಳ ನಂತರ ಅಟ್ಲಾಂಟಿಕ್‌ನ ಕಡಲ್ಗಳ್ಳರು ಹೆಚ್ಚುಕಡಿಮೆ ಇದೇ ಲೆಕ್ಕಕ್ಕೆ ಬಂದರು. 1722ರಲ್ಲಿ ಸತ್ತ ಬಾರ್ತಲೋಮ್ಯೂ ರಾಬರ್ಟ್ಸ್‌ನ ಹಡಗಿನ ಕರಾರಿನಲ್ಲಿ ಮುಖ್ಯ ವಿಚಾರಗಳಿಗೆ ಪ್ರತಿಯೊಬ್ಬನಿಗೂ ಒಂದು ಮತ, ಕಪ್ತಾನನಿಗೆ ಎರಡೇ ಪಾಲು, ಅಂಗ ಊನವಾದವನಿಗೆ ಸಾಮಾನ್ಯ ನಿಧಿಯಿಂದ 800 ಡಾಲರ್. ಅರಸರ ನೌಕಾಪಡೆಯಲ್ಲಿ ನಾವಿಕನ ಮಾತಿಗೆ ಬೆಲೆಯಿಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಆದರೆ ಅದೇ ಕರಾರು ಹೆಂಗಸರನ್ನು ಹಡಗಿಗೆ ಹತ್ತಿಸಕೂಡದೆಂದೂ ಹೇಳಿತ್ತು.

ತಮ್ಮನ್ನು ತಾವೇ ಆಳಿಕೊಂಡ ಕೂಟಗಳು ಹೀಗೆ ಹಲವು. ಅವುಗಳನ್ನು ಅಳೆಯಲು ನಿಯಮಗಳಷ್ಟೇ ಸಾಲವು. ಒಳಗೆ ಯಾರಿಗೆ ಜಾಗ ಸಿಕ್ಕಿತು ಎಂಬುದನ್ನೂ ಕೇಳಬೇಕು. ಸೆಟ್ಟಿಗಳ ಕೂಟ ಸೆಟ್ಟಿಗಳದು, ಅಗ್ರಹಾರದ ಮಹಾಜನರ ಸಭೆ ಬ್ರಾಹ್ಮಣರದು. ಮುಂದೆ ಕಲ್ಯಾಣವನ್ನು ಆಳಿದ ಕಳಚುರಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಸೇರಿದ ಕೂಟ ಈ ಬೇಲಿಯನ್ನು ಕಿತ್ತಿತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ ಅಲ್ಲಿ ಮಾತಾಡಿದರು. ಮೂವತ್ತಕ್ಕೂ ಹೆಚ್ಚು ಹೆಂಗಸರು ವಚನ ರಚಿಸಿದರು. ಕಲ್ಯಾಣದ ನಿಜವಾದ ಹೊಸತನ ಇದು.

ಪಾಲಿನ ಲೆಕ್ಕವೂ ಬದಲಾಯಿತು. ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆರಿಸುವುದು. ಒಂದು ದಿನ ಅವನು ಹೆಚ್ಚು ಅಕ್ಕಿ ತಂದಾಗ, ಇದು ನಮ್ಮದಲ್ಲ, ಮರಳಿ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದಳಂತೆ.

ಶರಣರ ಬಳಗದಲ್ಲಿ ಹರಳಯ್ಯ, ಮಧುವರಸರ ಮನೆಗಳ ನಡುವೆ ಜಾತಿ ಮೀರಿದ ಮದುವೆ ನಡೆದಾಗ ಅರಮನೆ ಸಹಿಸಲಿಲ್ಲ. ಪಾಷಂಡಿಗಳ ಕಟ್ಟುಪಾಡನ್ನೂ ಕಾಯಬೇಕೆಂಬ ನಿಯಮ ಬರೆದ ಊರಿನಲ್ಲಿಯೇ ಹಿಂಸೆ ಹೊತ್ತಿಕೊಂಡಿತು. 1167ರ ಹೊತ್ತಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು. ಶರಣರು ಉಳವಿಯ ಕಡೆಗೂ ಬೇರೆಡೆಗೂ ಚದುರಿದರು. ಅವರ ಮಾತುಗಳನ್ನು ಹದಿನೈದನೆಯ ಶತಮಾನದಲ್ಲಿ 'ಶೂನ್ಯಸಂಪಾದನೆ'ಯಾಗಿ ಜೋಡಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಅದರಲ್ಲಿ ಮಾರಯ್ಯನ ಹೆಸರಿನದೇ ಒಂದು ಸಂಪಾದನೆಯಿದೆ. ಗಂಡನನ್ನು ತಿದ್ದುವ ಲಕ್ಕಮ್ಮನ ಮಾತು ಅಲ್ಲಿ ಓದಲು ಸಿಗುತ್ತದೆ.